ಆರೋಗ್ಯವಂತನ ಹೊಟ್ಟೆ

ಒಂದು ಹಿಡಿ ಕಲ್ಲುಪ್ಪು, ಮೂರು ಒಣಮೆಣಸಿನಕಾಯಿ. ನಮ್ಮಕ್ಕ ಚಿಕ್ಕತಾಯಮ್ಮನ ಔಷಧಶಾಲೆಯಲ್ಲಿ ಇದ್ದದ್ದು ಇಷ್ಟೇ. ನೆರೆಹೊರೆಯ ಯಾರಾದರೂ ನನ್ನನ್ನು ನೋಡಿ, 'ನಿಮ್ ತಮ್ಮ ಮೈಕೈ ತುಂಬ್ಕೊಂಡವ್ನೆ ಬಿಡಮ್ಮ' ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿ ಹೋದರೂ ಸಾಕು, ಅವರ ಬೆನ್ನು ಮರೆಯಾಗುವುದಕ್ಕೆ ಮೊದಲೇ ಅಕ್ಕ ಆ ಉಪ್ಪು ಮೆಣಸಿನಕಾಯಿಗಳನ್ನು ಮುಷ್ಟಿಯಲ್ಲಿ ಹಿಡಿದು, ನನ್ನನ್ನು ಪೂರ್ವಕ್ಕೆ ಮುಖಮಾಡಿ ನಿಲ್ಲಿಸಿ, ಮೂರು ಸುತ್ತು ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಘಾಟು ಬಂದರೆ ಸರಿ. ಬಾರದಿದ್ದರೆ ದೃಷ್ಟಿ ಬಲವಾಗಿಯೇ ತಗುಲಿದೆ ಎಂದು ಇನ್ನೊಂದು ಹಿಡಿ. ಇಪ್ಪತ್ತನಾಲ್ಕು ವರ್ಷದ, ಕಾರ್ಖಾನೆಯಲ್ಲಿ ದುಡಿಯುವ, ಮೀಸೆ ಬಿಟ್ಟ ಗಂಡಸಾದ ನಾನು ಕೈಕಟ್ಟಿಕೊಂಡು ನಿಂತಿರಬೇಕಾಗಿತ್ತು.

'ಚೆನ್ನಾಗಿದ್ದೀರಾ' ಎಂದು ಕೇಳಿದರೆ 'ಚೆನ್ನಾಗಿದ್ದೇನೆ' ಎಂದು ಥಟ್ಟನೆ ಉತ್ತರಿಸುವವರು ನೀವಾಗಿದ್ದರೆ, ಮಿತ್ರರೇ, ನೀವು ನಮ್ಮ ಬೀದಿಯವರಲ್ಲ. ನಮ್ಮ ಬೀದಿಯಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳುವುದು ಜಂಬವಷ್ಟೇ ಅಲ್ಲ, ಅಪಾಯಕಾರಿಯೂ ಆಗಿತ್ತು. ಆರೋಗ್ಯವೆಂಬುದು ಸೆರಗಿನ ಮರೆಯಲ್ಲಿ ಒಯ್ಯಬೇಕಾದ ದೀಪ. ಅದನ್ನು ಹೊರಗೆ ತೋರಿಸಿದರೆ ಗಾಳಿ ಬೀಸುತ್ತದೆ ಎಂದು ಎಲ್ಲರೂ ನಂಬಿದ್ದರು. ಹೀಗಾಗಿ ಯಾರು ಕೇಳಿದರೂ, ಏನು ಕೇಳಿದರೂ, ಒಂದು ಸಣ್ಣ ಕಾಯಿಲೆಯನ್ನು ಮುಂದಿಟ್ಟು ಮಾತು ಮುಗಿಸುವುದು ಸಭ್ಯತೆಯೆನಿಸಿತ್ತು. ಮಂಡಿನೋವು, ಪಿತ್ತ, ವಾಯು, ಕಣ್ಣುರಿ. ಒಬ್ಬೊಬ್ಬರೂ ತಮಗೊಪ್ಪುವ ಒಂದನ್ನು ಆರಿಸಿಕೊಂಡು ವರ್ಷಗಟ್ಟಲೆ ಸಾಕಿಕೊಂಡಿದ್ದರು. ಈ ನಿರುಪದ್ರವಿಯಾದ ಸುಳ್ಳಿನಿಂದ ವಿಜ್ಞಾನಕ್ಕೇ ಏಟು ಬಿದ್ದೀತೆಂದು ಯಾರಿಗಾದರೂ ಹೇಗೆ ಹೊಳೆಯಬೇಕು?

ಐವತ್ತರ ದಶಕದ ರಾಜಾಜಿನಗರವೆಂದರೆ ಕೆಂಪು ಮಣ್ಣು, ಅಳತೆಗೋಲಿಟ್ಟು ಎಳೆದಂಥ ರಸ್ತೆಗಳು, ನೆರಳು ಕೊಡುವಷ್ಟು ಇನ್ನೂ ಬೆಳೆಯದ ಗಿಡಗಳು, ಬೀದಿಗೊಂದು ನಲ್ಲಿ. ಬಡಾವಣೆ ಮುಗಿದಲ್ಲಿ ರಾಗಿಹೊಲ ಶುರುವಾಗುತ್ತಿತ್ತು. ಕಾಮಾಕ್ಷಿಪಾಳ್ಯದ ಕಡೆಯಿಂದ ಬರುವ ಎತ್ತುಗಳು ನಮ್ಮ ಬೇಲಿಯ ಎಲೆಗಳನ್ನು ದಾರಿಯ ತಿಂಡಿಯೆಂದೇ ತಿಳಿದಿದ್ದವು. ಕೆಂಗೇರಿ ಪಕ್ಕದ ನಮ್ಮ ಹಳ್ಳಿಯಿಂದ ಅಕ್ಕ ಭಾವನನ್ನು ಕಳೆದುಕೊಂಡ ವರ್ಷ ತನ್ನ ಇಬ್ಬರು ಹೆಣ್ಣುಮಕ್ಕಳೊಂದಿಗೆ ನನ್ನ ಬಾಡಿಗೆ ಮನೆಗೆ ಬಂದಳು. ನನಗೆ ಹತ್ತಿರದ ಒಂದು ಕಾರ್ಖಾನೆಯಲ್ಲಿ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸ. ಮೂರು ವರ್ಷದಿಂದ ದಿನಗೂಲಿ. ನಾಲ್ಕು ಜನರ ಊಟ ಅದರ ಮೇಲೇ ನಿಂತಿತ್ತು.

ಆ ವರ್ಷ ನಮ್ಮಲ್ಲಿ ಕೆಲವರನ್ನು ಕಾಯಂ ಮಾಡುವುದಾಗಿ ಕಾರ್ಖಾನೆಯವರು ಹೇಳಿದರು. ಅದಕ್ಕೊಂದು ಫಾರಂ. ಅದರ ಕೊನೆಯಲ್ಲಿ, 'ಈತನು ಸಂಪೂರ್ಣ ಆರೋಗ್ಯವಂತನಿದ್ದಾನೆ' ಎಂದು ಡಾಕ್ಟರೊಬ್ಬರು ಸಹಿ ಹಾಕಬೇಕು. ನನಗೆ ಆಗ ಹೊಟ್ಟೆಯಲ್ಲಿ ಒಂದು ವರ್ಷದ ಉರಿ ಇತ್ತು. ಹಸಿದರೆ ಉರಿ, ಉಂಡರೆ ಒಂದು ಗಳಿಗೆ ತಣ್ಣಗೆ, ಮತ್ತೆ ಉರಿ. ಕೆಲವು ದಿನ ಎದೆಗೂಡಿನ ಕೆಳಗೆ ಬೆರಳಿಟ್ಟು ತಿರುಪಿದಂತೆ ನೋವು. ಯಾರಿಗೂ ಹೇಳಿರಲಿಲ್ಲ. ಬೀದಿಯ ಜನರೆಲ್ಲ ಇಲ್ಲದ ಕಾಯಿಲೆಯನ್ನು ಇದೆ ಎನ್ನುತ್ತಿದ್ದಾಗ, ಇರುವ ಕಾಯಿಲೆಯನ್ನು ಇಲ್ಲ ಎನ್ನುವ ವಿದ್ಯೆಯನ್ನು ನಾನೊಬ್ಬನೇ ಅಭ್ಯಾಸ ಮಾಡುತ್ತಿದ್ದೆ.

ಹಿಂದಿನ ಕ್ರಾಸಿನಲ್ಲಿ ಒಬ್ಬ ಡಾಕ್ಟರಿದ್ದರು. ಐದಾರು ವರ್ಷ ಹೊರದೇಶದಲ್ಲಿ ಓದಿ ಆಗಷ್ಟೇ ಬಂದವರು. ಬೆಳಿಗ್ಗೆ ಮನೆಯ ಮುಂದಿನ ಕೋಣೆಯಲ್ಲಿ ರೋಗಿಗಳನ್ನು ನೋಡುವರು, ಉಳಿದ ಹೊತ್ತೆಲ್ಲ ಒಳಕೋಣೆಯ ಒಂದು ಯಂತ್ರದ ಮುಂದೆ. ಹಾರ್ಮೋನಿಯಂ ಪೆಟ್ಟಿಗೆಯಷ್ಟು ದೊಡ್ಡದು. ಮುಚ್ಚಳ ತೆಗೆದರೆ ಒಳಗೆ ರೇಡಿಯೋದಲ್ಲಿರುವಂಥ ವಾಲ್ವುಗಳು ಕೆಂಪಗೆ ಮಿನುಗುತ್ತಿದ್ದವು. ಪಕ್ಕದಲ್ಲಿ ಒಂದು ಕಾಗದದ ಸುರುಳಿ ಆಮೆಯ ನಡಿಗೆಯಲ್ಲಿ ಬಿಚ್ಚಿಕೊಳ್ಳುತ್ತ, ಅದರ ಮೇಲೆ ಒಂದು ಶಾಯಿಯ ಮುಳ್ಳು ಗೆರೆ ಬರೆಯುತ್ತ ಹೋಗುತ್ತಿತ್ತು. ಮನುಷ್ಯನ ಜಠರದಲ್ಲಿ ವಿದ್ಯುತ್ತು ಹುಟ್ಟುತ್ತದೆ, ಅದಕ್ಕೊಂದು ಲಯವಿದೆ, ಆ ಲಯವನ್ನು ಹೊಟ್ಟೆಯ ಚರ್ಮದ ಮೇಲಿಂದಲೇ ಅಳೆಯಬಹುದು ಎಂಬುದು ಅವರ ಹುಚ್ಚು. ಅಳೆಯಲು ಆರೋಗ್ಯವಂತರ ಹೊಟ್ಟೆ ಬೇಕು. ತಮ್ಮದನ್ನೇ ಅಳೆದುಕೊಳ್ಳಬಾರದೇಕೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, 'ನಂದು ಆಪರೇಷನ್ ಆದ ಹೊಟ್ಟೆ ಕಣಪ್ಪ, ಅದು ಲೆಕ್ಕಕ್ಕಿಲ್ಲ' ಎಂದು ನಕ್ಕಿದ್ದರು.

ಅವರು ಮನೆ ಮನೆಗೆ ಬಂದು ಕೇಳಿದರು. ಕೇಳಿದ ರೀತಿಯಲ್ಲೇ ಎಡವಟ್ಟಾಯಿತು. 'ನೀವು ಆರೋಗ್ಯವಾಗಿದ್ದೀರಾ? ಹೊಟ್ಟೆಯ ತೊಂದರೆ ಏನಾದರೂ ಇದೆಯಾ?' ಎಂದು ಕೇಳಿ, ಪೆನ್ನು ಹಿಡಿದು, ಉತ್ತರವನ್ನು ಅಕ್ಷರಶಃ ಬರೆದುಕೊಂಡರು. ಎದುರುಮನೆಯ ಗುಮಾಸ್ತರು, 'ಏನೋ ಸ್ವಾಮಿ, ಉಸಿರಾಡ್ತಾ ಇದೀನಿ, ಪಿತ್ತ ಒಂದು ಕಾಡುತ್ತೆ' ಎಂದರು. ಗರಡಿಯ ಪೈಲ್ವಾನ್ ಮುನಿಯಪ್ಪ, ಬಾಗಿಲಿಗೆ ಅಡ್ಡ ನಿಂತರೆ ಬೆಳಕೇ ಒಳಗೆ ಬರದಂಥ ಆಳು, ತಲೆತಗ್ಗಿಸಿ, 'ಅಜೀರ್ಣ ಡಾಕ್ಟ್ರೇ, ಮೊದಲಿನಂಗಿಲ್ಲ' ಎಂದ. ನಮ್ಮಕ್ಕ ಬಾಗಿಲ ಹಿಂದಿನಿಂದ, 'ಗಾಳಿ ತುಂಬ್ಕತ್ತದೆ ಸ್ವಾಮಿ, ದೇವರು ನಡೆಸ್ದಂಗೆ ನಡೀತೀವಿ' ಎಂದಳು. ಎಂಟು ಮನೆ ತಿರುಗುವಷ್ಟರಲ್ಲಿ ಡಾಕ್ಟರ ಮುಖ ಕಪ್ಪಿಟ್ಟಿತು. ಇಷ್ಟೊಂದು ರೋಗಗ್ರಸ್ತವಾದ ಬೀದಿಯನ್ನು ತಾವು ಯಾವ ದೇಶದಲ್ಲೂ ಕಂಡಿರಲಿಲ್ಲವೆಂದು ಅವರು ನನ್ನ ಮುಂದೆ ನಿಜವಾಗಿ ಮರುಗಿದರು.

ಆಮೇಲೆ ನನ್ನನ್ನು ಕೇಳಿದರು. ಫಾರಂ ನನ್ನ ಜೇಬಿನಲ್ಲೇ ಇತ್ತು. 'ನನಗೇನೂ ಇಲ್ಲ ಸಾರ್, ಗಟ್ಟಿಮುಟ್ಟಾಗಿದೀನಿ' ಎಂದೆ, ಕಣ್ಣು ಮಿಟುಕಿಸದೆ. ಅವರು ನನ್ನ ಕೈ ಹಿಡಿದುಕೊಂಡ ರೀತಿ ನೆನೆದರೆ ಇಂದಿಗೂ ನನಗೆ ನಾಚಿಕೆಯಾಗುತ್ತದೆ. ಅಳತೆ ಮುಗಿಯಲಿ, ನಿನ್ನ ಫಾರಂಗೆ ನಾನೇ ಸಹಿ ಹಾಕುತ್ತೇನೆ, ಯಂತ್ರವೇ ಸಾಕ್ಷಿ ಹೇಳಿದ ಆರೋಗ್ಯ ನಿನ್ನದಾಗುತ್ತದೆ ಎಂದರು.

ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬೆಂಚಿನ ಮೇಲೆ ಮಲಗಿದೆ. ಹೊಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಿ, ಉಪ್ಪು ಬೆರೆಸಿದ ಒಂದು ಲೇಪ ಹಚ್ಚಿ, ಅದರ ಮೇಲೆ ನಾಣ್ಯದಗಲದ ಎರಡು ಬೆಳ್ಳಿ ಬಿಲ್ಲೆಗಳನ್ನಿಟ್ಟು ಪಟ್ಟಿ ಬಿಗಿದರು. ತಂತಿಯ ಜೊತೆಯಲ್ಲೇ ಹಗಲು ಕಳೆಯುವವನು ನಾನು. ಕಾರ್ಖಾನೆಯಲ್ಲಿ ಎರಡು ಸಲ ಷಾಕ್ ಹೊಡೆಸಿಕೊಂಡು ಮಾರುದೂರ ಬಿದ್ದವನು. 'ಎಷ್ಟು ಕರೆಂಟ್ ಕೊಡ್ತೀರಿ ಸಾರ್?' ಎಂದು ಬೆಂಚಿನ ಅಂಚನ್ನು ಹಿಡಿದುಕೊಂಡು ಕೇಳಿದೆ.

'ಕೊಡೋನು ನಾನಲ್ಲಪ್ಪ ಗಂಗಣ್ಣ, ನೀನು' ಎಂದರು ಡಾಕ್ಟರು.

ನಾನು ದಂಗಾಗಿಬಿಟ್ಟೆ. ಜಠರಾಗ್ನಿ ಎಂದು ಹಿರಿಯರು ಹೇಳಿದ್ದನ್ನು ಕೇಳಿದ್ದೆ. ಹಸಿವೆಂಬುದು ಬೆಂಕಿ, ಅನ್ನವೆಂಬುದು ಅದಕ್ಕಿಡುವ ಕೊಳ್ಳಿ ಎಂದು ಒಪ್ಪಿಕೊಂಡೂ ಇದ್ದೆ. ಆದರೆ ಹೊಗೆ ಬಾರದ, ಬಿಸಿ ತಾಗದ, ಯಾವ ಕಂಬದಿಂದಲೂ ಎಳೆದು ತಾರದ ಇಂಥದೊಂದು ವಿದ್ಯುತ್ತು, ನಾನು ಹುಟ್ಟುವುದಕ್ಕೆ ಮೊದಲೇ ಹರಿಯತೊಡಗಿ, ನಾನು ಮಲಗಿದಾಗಲೂ ಸುಳ್ಳು ಹೇಳಿದಾಗಲೂ ತನ್ನ ಪಾಡಿಗೆ ಹರಿಯುತ್ತಿದೆ ಎಂದರೆ ಅದನ್ನು ಹೇಗೆ ಅರಗಿಸಿಕೊಳ್ಳುವುದು? ಊರಿಗೆ ದೀಪ ಬಂದ ದಿನ ಹಳ್ಳಿಯಲ್ಲಿ ಕಾಯಿ ಒಡೆದಿದ್ದೆವು. ನಮ್ಮ ಹೊಟ್ಟೆಗೆ ಅದು ಬಂದ ದಿನ ಯಾರು ಒಡೆದರು? ನಾನು 'ನನ್ನ ಮೈ' ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಈ ವಸ್ತು ನನ್ನನ್ನು ಒಂದು ಮಾತೂ ಕೇಳದೆ ಎಷ್ಟೊಂದು ಸಂಸಾರ ನಡೆಸುತ್ತಿದೆಯಲ್ಲ ಎಂದು ದಿಗಿಲಾಯಿತು. ಮುಳ್ಳು ಅಲುಗಿತು. ಗೆರೆ ಸ್ವಲ್ಪ ಎದ್ದಿತು, ಬಿದ್ದಿತು, ಎಡವಿತು, ಸುಮ್ಮನಾಯಿತು, ಮತ್ತೆ ಗಡಿಬಿಡಿಯಲ್ಲಿ ನಾಲ್ಕು ಸಲ ಎದ್ದಿತು. ಡಾಕ್ಟರು ಗಡಿಯಾರ ನೋಡುತ್ತ ಬರೆದುಕೊಂಡರು. ನನಗೆ ಅದರಲ್ಲಿ ಏನೂ ಅರ್ಥವಾಗಲಿಲ್ಲ.

ಹೋಲಿಸಿ ನೋಡುವುದಕ್ಕೆಂದು ಅವರು ಮುಂದಿನ ಎರಡು ವಾರ ಬೀದಿಯ 'ರೋಗಿಗಳನ್ನೂ' ಒಬ್ಬೊಬ್ಬರನ್ನಾಗಿ ಕರೆಸಿ ಮಲಗಿಸಿದರು. ಪೈಲ್ವಾನ್ ಮಲಗಿದಾಗ ಬೆಂಚು ಮುರಿಯಿತಂತೆ. ಅಕ್ಕನೂ ಗುಮಾಸ್ತರ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗಿ ಬಂದಳು. ಅದಾದ ಮೇಲೆ ಒಂದು ಬುಧವಾರ ಸಂಜೆ, ಕೆಲಸ ಬಿಟ್ಟು ಬರುತ್ತಿದ್ದ ನನ್ನನ್ನು ಡಾಕ್ಟರು ಬೀದಿಯಲ್ಲೇ ತಡೆದು ಒಳಗೆ ಕರೆದೊಯ್ದರು.

ನೆಲದ ತುಂಬ ಕಾಗದದ ಪಟ್ಟಿಗಳನ್ನು ಹಾಸಿದ್ದರು. ಗೋಡೆಯ ಮೇಲೆ ಒಂದೇ ಒಂದು. ಅದರ ಕೆಳಗೆ ದುಂಡನೆಯ ಅಕ್ಷರದಲ್ಲಿ 'ಆರೋಗ್ಯವಂತನ ಹೊಟ್ಟೆ' ಎಂದು ಬರೆದಿತ್ತು. ಅದು ನನ್ನದು.

'ನೋಡು ಗಂಗಣ್ಣ' ಎಂದು ಅವರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಬೆರಳಿಟ್ಟು ತೋರಿಸಿದರು. 'ಇದು ಪೈಲ್ವಾನಂದು. ಇದು ಗುಮಾಸ್ತರದು. ಇದು ನಿಮ್ಮಕ್ಕಂದು. ಎಲ್ಲರಿಗೂ ನಿಮಿಷಕ್ಕೆ ಮೂರು. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ. ನಿಂದು ನೋಡು, ಒಂದು ನಿಮಿಷಕ್ಕೆ ಐದು, ಆಮೇಲೆ ಒಂದು, ಆಮೇಲೆ ಏನೂ ಇಲ್ಲ. ನಾನು ಹೊರದೇಶದಲ್ಲಿ ಕಲಿತದ್ದು ಆರೋಗ್ಯವಂತರಿಗೇ ನಿಮಿಷಕ್ಕೆ ಮೂರು ಅಂತ. ಇಲ್ಲಿ ತಿರುಗುಮುರುಗಾಗಿದೆ. ನಮ್ಮ ಜನರ ಹೊಟ್ಟೆಯೇ ಬೇರೆ ಅಂತ ಕಾಣುತ್ತೆ. ಇದನ್ನ ಬರೆದು ಕಳಿಸ್ತೀನಿ. ಎಲ್ಲರೂ ಬೆಚ್ಚಿಬೀಳ್ತಾರೆ.'

ಬೆಚ್ಚಿಬಿದ್ದವನು ಸದ್ಯಕ್ಕೆ ನಾನೊಬ್ಬನೇ. ನೆಲದ ಮೇಲೆ ಮೈಚಾಚಿದ್ದ ಆ ಎಂಟು ಗೆರೆಗಳನ್ನು ನೋಡಿದೆ. ಎಷ್ಟು ಚೆಂದದ ಅಲೆಗಳು. ಇಪ್ಪತ್ತು ಸೆಕೆಂಡಿಗೊಂದು, ತುಂಬುಗರ್ಭಿಣಿಯ ನಡಿಗೆಯಂತೆ ನಿಧಾನವಾಗಿ ಏರಿ, ನಿಧಾನವಾಗಿ ಇಳಿದು, ಅವಸರವಿಲ್ಲದೆ ಮತ್ತೆ ಏರುತ್ತಿದ್ದವು. ಬಾಯಲ್ಲಿ ಪಿತ್ತ, ಅಜೀರ್ಣ, ವಾಯು ಎಂದು ಹೇಳಿದವರೆಲ್ಲರ ಒಳಗೆ ಈ ನೆಮ್ಮದಿ ಕೂತಿತ್ತು. ಅವರ ಬಾಯಿ ಏನೇ ಹೇಳಿದ್ದರೂ ಹೊಟ್ಟೆಗಳು ನಿಜವನ್ನೇ ಹೇಳಿದ್ದವು. ನನ್ನದೂ ನಿಜವನ್ನೇ ಹೇಳಿತ್ತು. ಗೋಡೆಯ ಮೇಲೆ, ಎಲ್ಲರೂ ನೋಡುವ ಹಾಗೆ, ಹರಕು ಮುರುಕಾಗಿ ಹೇಳಿತ್ತು; ಅದನ್ನು ಓದಬೇಕಾದ ಒಬ್ಬ ಪ್ರಾಮಾಣಿಕ ಮನುಷ್ಯ ನನ್ನ ಮಾತನ್ನು ನಂಬಿ ತನ್ನ ವಿದ್ಯೆಯನ್ನೇ ತಲೆಕೆಳಗು ಮಾಡಿಕೊಳ್ಳುತ್ತಿದ್ದ. 'ಸಾರ್, ಫಾರಂ ಸೋಮವಾರ ಕೊಡಬೇಕು' ಎಂದಷ್ಟೇ ಹೇಳಿ ಹೊರಗೆ ಬಂದೆ.

ಗುರುವಾರ ಸುಮ್ಮನಿದ್ದೆ. ಶುಕ್ರವಾರವೂ. ಶನಿವಾರ ತಂತಿ ಸುತ್ತುತ್ತ, ಈಗ ಹೇಳಿದರೆ ಅವರು ಸಹಿ ಹಾಕುವುದಿಲ್ಲ, ಹಾಕದಿದ್ದರೆ ಕಾಯಂ ಇಲ್ಲ, ಈ ಸಲ ತಪ್ಪಿದರೆ ದಿನಗೂಲಿಯೂ ನಿಂತೀತು ಎಂದು ಅದನ್ನೇ ಮತ್ತೆ ಮತ್ತೆ ಸುತ್ತಿದೆ. ಹೇಳದಿದ್ದರೆ ಅವರು ತಪ್ಪು ಬರೆದು ಜಗತ್ತಿನ ಮುಂದೆ ನಗೆಪಾಟಲಾಗುತ್ತಾರೆ. ಮಿತ್ರರೇ, ನಿಜ ಹೇಳಿಬಿಡುತ್ತೇನೆ: ಆ ಮೂರು ದಿನದಲ್ಲಿ ನಾನು ಅವರ ಮರ್ಯಾದೆಗಿಂತ ನಮ್ಮ ಮನೆಯ ರಾಗಿ ಡಬ್ಬವನ್ನೇ ಹೆಚ್ಚು ನೆನೆದೆ. ಅದಕ್ಕಾಗಿ ನನ್ನನ್ನು ಬೈಯುವವರು ಬೈಯಬಹುದು.

ಭಾನುವಾರ ಬೆಳಿಗ್ಗೆ ಅವರೇ ನಮ್ಮ ಮನೆಗೆ ಬಂದರು. ಸೋಮವಾರದ ಫಾರಂ ನೆನಪಿಟ್ಟುಕೊಂಡು, ಪೆನ್ನು ಹಿಡಿದುಕೊಂಡೇ ಬಂದಿದ್ದರು. ಜಗಲಿಯ ಮೇಲೆ ಚಾಪೆ ಹಾಸಿದೆವು. ಅಕ್ಕ ಕಾಫಿ ತಂದಿಟ್ಟು ಬಾಗಿಲ ಮರೆಗೆ ಸರಿದು ನಿಂತಳು. ಕಾಫಿ ಕುಡಿಯುತ್ತ ಡಾಕ್ಟರು ಲೋಕಾಭಿರಾಮವಾಗಿ, 'ಪೈಲ್ವಾನರ ಅಜೀರ್ಣ ಹೇಗಿದೆಯಮ್ಮ ಈಗ?' ಎಂದು ಕೇಳಿದರು.

ಅಕ್ಕ ನಕ್ಕುಬಿಟ್ಟಳು. 'ಅವನಿಗೆಂಥ ಅಜೀರ್ಣ ಸ್ವಾಮಿ? ಅವನೆಂಡ್ತಿ ರಾಗಿ ಬೀಸಿ ಬೀಸಿ ಸುಸ್ತಾಗವ್ಳೆ.'

'ಅವರೇ ಹೇಳಿದರಲ್ಲಮ್ಮ ಅಜೀರ್ಣ ಅಂತ?'

'ಕೇಳಿದ್ರಲ್ಲ, ಅದಕ್ಕೆ ಹೇಳವ್ನೆ. ಚೆನ್ನಾಗಿದೀನಿ ಅಂತ ಯಾರಾದ್ರೂ ಬಾಯಿಬಿಟ್ಟು ಹೇಳ್ಕಂತಾರಾ? ಹಂಗೆಲ್ಲ ಕೇಳಬಾರ್ದು ಸ್ವಾಮಿ. ಊಟ ಸೇರ್ತದಾ ಅಂತ ಕೇಳಿ. ಅವಾಗ ನಿಜ ಹೇಳ್ತಾರೆ.'

ಡಾಕ್ಟರು ಲೋಟವನ್ನು ಕೆಳಗಿಟ್ಟರು. 'ಹಾಗಾದರೆ ನಿಮಗೆ?' ಎಂದರು. 'ಏನೋ, ದೇವರು ನಡೆಸ್ದಂಗೆ' ಎಂದು ಅಕ್ಕ ಥಟ್ಟನೆ ಮುಖ ತಿರುಗಿಸಿದಳು. ಅವರು ಎದ್ದು ಚಪ್ಪಲಿ ಕೂಡ ಮೆಟ್ಟದೆ ಬೀದಿಗಿಳಿದರು. ಪೈಲ್ವಾನ್ ನಲ್ಲಿಯ ಹತ್ತಿರ ಎರಡು ಕೈಯಲ್ಲೂ ಕೊಡಪಾನ ಹಿಡಿದು ನಿಂತಿದ್ದ. 'ಮುನಿಯಪ್ಪ, ಊಟ ಸೇರುತ್ತಾ?' ಎಂದು ಕೇಳಿದ್ದು ನಮಗೆ ಕೇಳಿಸಿತು.

'ಸೇರ್ತದೆ ಡಾಕ್ಟ್ರೇ, ನಾಲ್ಕು ಮುದ್ದೆ ಸಲೀಸಾಗಿ ಇಳೀತದೆ' ಎಂದ ಪೈಲ್ವಾನ್.

ಅವರು ಗುಮಾಸ್ತರ ಮನೆಗೆ ಹೋದರು, ಅದರ ಪಕ್ಕದ ಮನೆಗೆ ಹೋದರು. ಹೋದಲ್ಲೆಲ್ಲ ಅದೇ ಪ್ರಶ್ನೆ, ಹೋದಲ್ಲೆಲ್ಲ ನಗುಮುಖದ ಉತ್ತರ. ಹಿಂದಿರುಗಿ ಜಗಲಿಗೆ ಬಂದಾಗ ಅವರ ಮುಖ ಬಿಳಿಚಿಕೊಂಡಿತ್ತು. ತಾವು ರೋಗಿಗಳೆಂದು ಬರೆದವರೆಲ್ಲ ಒಂದೇ ಬೆಳಿಗ್ಗೆ ಗುಣವಾಗಿಬಿಟ್ಟಿದ್ದರು. ಹಾಗಾದರೆ ಗೋಡೆಯ ಮೇಲಿನ ಗೆರೆ ಯಾರದು? ಅವರು ಚಾಪೆಯ ಮೇಲೆ ಕೂತು, ನನ್ನ ಫಾರಂ ಬಿಡಿಸಿ ತೊಡೆಯ ಮೇಲಿಟ್ಟುಕೊಂಡು, ಪೆನ್ನಿನ ಮುಚ್ಚಳ ತೆಗೆದು, ನನ್ನ ಮುಖ ನೋಡಿದರು. ಕೋಪವಿರಲಿಲ್ಲ. ಇದ್ದಿದ್ದರೆ ನಾನು ತಪ್ಪಿಸಿಕೊಳ್ಳುತ್ತಿದ್ದೆನೇನೋ.

'ಗಂಗಣ್ಣ, ನಿನಗೆ ಊಟ ಸೇರುತ್ತೇನಪ್ಪ?'

ಆರೋಗ್ಯವಾಗಿದ್ದೀಯಾ ಎಂದು ಕೇಳಿದ್ದರೆ ಆಗಲೂ ಹೌದು ಎನ್ನುತ್ತಿದ್ದೆ. ಅದು ಫಾರಂ ಕೇಳುವ ಪ್ರಶ್ನೆ, ಅದಕ್ಕೆ ಉತ್ತರ ತಯಾರಾಗಿತ್ತು. ಇದು ಹೆತ್ತವರು ಕೇಳುವ ಪ್ರಶ್ನೆ. ಅವ್ವ ಸತ್ತ ಮೇಲೆ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ಅಕ್ಕನೂ ಕೇಳದ ಹಾಗೆ ನಾನೇ ತಟ್ಟೆ ಖಾಲಿ ಮಾಡಿ ಎದ್ದುಹೋಗುತ್ತಿದ್ದೆ. ಬಾಯಿ ತೆರೆದೆ, ಸುಳ್ಳು ಬರಲಿಲ್ಲ. 'ಇಲ್ಲ ಸಾರ್' ಎಂದೆ. ಒಂದು ವರ್ಷದಿಂದ ಸೇರುತ್ತಿಲ್ಲ ಎಂದೆ. ಉರಿಯನ್ನು ಹೇಳಿದೆ, ಹೋದ ತಿಂಗಳು ಕಾರ್ಖಾನೆಯ ಹಿಂದೆ ಹೋಗಿ ಕಾಫಿಪುಡಿಯ ಚರಟದಂಥ ವಾಂತಿ ಮಾಡಿಕೊಂಡದ್ದನ್ನು ಹೇಳಿದೆ. ಬಾಗಿಲ ಮರೆಯಲ್ಲಿ ಬಳೆಗಳ ಸದ್ದಾಯಿತು.

ಡಾಕ್ಟರು ನನ್ನನ್ನು ಅಲ್ಲೇ ಮಲಗಿಸಿ ಎದೆಗೂಡಿನ ಕೆಳಗೆ ಒತ್ತಿದರು. ನಾನು ಚೀರಿದೆ. ಗೆರೆಯೊಂದನ್ನೇ ನೋಡಿ ರೋಗ ಹೇಳುವಷ್ಟು ವಿದ್ಯೆ ಇನ್ನೂ ಯಾರಿಗೂ ಬಂದಿಲ್ಲ, ಆದರೆ ಈ ಚೀರುವಿಕೆ ತಮಗೆ ಗೊತ್ತು, ತಾವೇ ಚೀರಿದ್ದುಂಟು ಎಂದರು. ಹೊಟ್ಟೆಯಲ್ಲಿ ಹುಣ್ಣಾಗಿದೆ. ಹೀಗೇ ಬಿಟ್ಟರೆ ತೂತಾಗುತ್ತದೆ. ಮೂರು ತಿಂಗಳು ಮಲಗಬೇಕು, ಹಾಲು ಗಂಜಿ ಬಿಟ್ಟು ಬೇರೇನೂ ಮುಟ್ಟಬಾರದು, ಕಾರ್ಖಾನೆಯ ಕಡೆ ತಲೆ ಹಾಕಬಾರದು. ಇಷ್ಟು ಹೇಳಿ ಪೆನ್ನಿನ ಮುಚ್ಚಳ ಹಾಕಿದರು. 'ಸಹಿ ಹಾಕಲಾರೆ ಗಂಗಣ್ಣ' ಎಂದರು. ಫಾರಂ ಮಡಿಸಿ ನನ್ನ ಪಕ್ಕದಲ್ಲಿಟ್ಟರು. ಮಕ್ಕಳಿಬ್ಬರೂ ಒಳಗಿನಿಂದ ಇಣುಕಿ ನೋಡುತ್ತಿದ್ದರು. ನಾನು ಚಾಪೆಯಿಂದ ಏಳಲಾರದೆ ಸೂರನ್ನೇ ನೋಡುತ್ತ ಮಲಗಿದ್ದೆ.

ಆಗ ಅಕ್ಕ ಬಾಗಿಲ ಮರೆಯಿಂದ ಹೊರಗೆ ಬಂದಳು. ಪರಗಂಡಸರ ಎದುರು ಎಂದೂ ನಿಂತು ಮಾತಾಡದವಳು ಜಗಲಿಯ ನಡುವೆ, ಬೀದಿಗೆ ಮುಖಮಾಡಿ ನಿಂತಳು. ನಲ್ಲಿಯ ಹತ್ತಿರ ಹೆಂಗಸರು ಸೇರಿದ್ದರು, ಪೈಲ್ವಾನ್ ಇನ್ನೂ ಅಲ್ಲೇ ಇದ್ದ.

'ನಾನು ಚೆನ್ನಾಗಿದೀನಿ ಸ್ವಾಮಿ' ಎಂದಳು. ಪಿಸುಮಾತಲ್ಲಿ ಅಲ್ಲ, ಎಂಟು ಮನೆಗೂ ಕೇಳುವ ಹಾಗೆ. 'ಬರ್ಕಳಿ. ಚಿಕ್ಕತಾಯಮ್ಮಂಗೆ ಗಾಳಿನೂ ಇಲ್ಲ, ನೋವೂ ಇಲ್ಲ, ಯಾವ ಕಾಯ್ಲೆನೂ ಇಲ್ಲ. ಕೈಕಾಲು ಗಟ್ಟಿಯಾಗವೆ, ಎರಡಾಳಿನ ಕೆಲ್ಸ ಮಾಡ್ತೀನಿ. ನಾಳೆಯಿಂದ ನಾನು ದುಡೀತೀನಿ. ಅವನು ಮಲಗ್ಲಿ.'

ನಲ್ಲಿಯ ಕೊಡ ತುಂಬಿ ಹರಿಯುತ್ತಿದ್ದರೂ ಯಾರೂ ತೆಗೆಯಲಿಲ್ಲ. ನನ್ನ ಜೀವಮಾನದಲ್ಲಿ ನನಗೆ ತಗುಲಿದ ಷಾಕುಗಳಲ್ಲಿ ಅಷ್ಟು ಬಲವಾದದ್ದು ಇನ್ನೊಂದಿಲ್ಲ. ಹೊಟ್ಟೆಯಲ್ಲಿ ಕರೆಂಟು ಹುಟ್ಟುತ್ತದೆ ಎಂದು ಕೇಳಿದಾಗಲೂ, ನನ್ನ ಸುಳ್ಳು ಗೋಡೆಯೇರಿದ್ದನ್ನು ಕಂಡಾಗಲೂ ನಾನು ಹೀಗೆ ಕಂಗಾಲಾಗಿರಲಿಲ್ಲ. ಕೆಟ್ಟ ಕಣ್ಣಿಗೆ ಅವಳು ಎಷ್ಟು ಹೆದರುತ್ತಿದ್ದಳೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಅದೇ ಸೋಮವಾರದಿಂದ ಅವಳು ಊದುಬತ್ತಿ ಹೊಸೆಯುವ ಕಾರ್ಖಾನೆಗೆ ಹೋಗತೊಡಗಿ, ನಾನು ಎದ್ದು ಓಡಾಡಿ, ಮರುವರ್ಷ ಇನ್ನೊಂದು ಕಡೆ ಕೆಲಸ ಹಿಡಿಯುವವರೆಗೆ ಅಂಗೈ ಕಪ್ಪಾಗಿಸಿಕೊಂಡು ಮನೆ ನಡೆಸಿದಳು. ಡಾಕ್ಟರು ತಮ್ಮ ಬರಹವನ್ನು ಹರಿದುಹಾಕಿ ಮೊದಲಿನಿಂದ ಬರೆದರು. ಅದೆಲ್ಲ ಆಮೇಲಿನ ಮಾತು.

ಆ ಭಾನುವಾರ, ಹೇಳಬೇಕಾದದ್ದನ್ನು ಬೀದಿಗೆ ಹೇಳಿ ಮುಗಿಸಿದ ಅಕ್ಕ ನನ್ನ ಕಡೆ ತಿರುಗಿ, ಚಾಪೆಯ ಅಂಚಿನಲ್ಲಿ ಕೂತಳು.

'ನಾನು ಹೇಳಾಯ್ತು. ಈಗ ನೀನು ಹೇಳೋ' ಎಂದಳು. 'ಎಲ್ಲಿ ನೋಯ್ತದೆ?'

ನಾನು ಅವಳ ಕೈ ಹಿಡಿದು, ನೋಯುವ ಜಾಗದ ಮೇಲೆ ಇಟ್ಟುಕೊಂಡೆ.